ಲಿಫ್ಟು ನಿಂತರೆ ಅರಮನೆಯೂ ಅಟ್ಟವೇ!

ಕುಣಿಗಲ್: ಬೆಳಗಿನ ಬಸ್ಸಿಗೆ ಟವೆಲ್ ಹಾಕಿ ಸೀಟು ಹಿಡಿದು ಬೆಂಗಳೂರಿಗೆ ಹೋಗುವ ನಮ್ಮ ಜನ ನೆಲಮಂಗಲ ದಾಟುವ ತನಕ ತೂಕಡಿಸುತ್ತಾರೆ. ಯಶವಂತಪುರ ಬಂತೆಂದರೆ ಕಣ್ಣುಜ್ಜಿ ಮೇಲೆ ನೋಡುತ್ತಾರೆ. ಆ ಕಡೆಗೇ ಇದೆ 50 ಮಹಡಿಯ ಸಿಎನ್‌ಟಿಸಿ ಪ್ರೆಸಿಡೆನ್ಷಿಯಲ್ ಟವರ್. ಎತ್ತರ 160 ಮೀಟರಿನ ಆಸುಪಾಸು. 1973ರಲ್ಲಿ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದಾಗ ನೋಡಿದವರ ತಲೆಯ ಪೇಟ ಹಿಂದಕ್ಕೆ ಬಿದ್ದಿತ್ತು. ಅದಾದರೂ ಆಫೀಸು, ಸಂಜೆ ಇಳಿದು ಬರಬಹುದು. ಇಲ್ಲಿ ಸಂಸಾರ! ಅಲ್ಲಾ ಸ್ವಾಮಿ, ಅಷ್ಟು ಮೇಲೆ ಮನುಷ್ಯ ಹೆಂಗಿರ್ತಾನೆ?

ನಮ್ಮೂರಿಗೂ ಈ ಎತ್ತರಕ್ಕೂ ಒಂದು ನಂಟುಂಟು. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಕುಣಿಗಲ್ ಸ್ಟಡ್ ಫಾರಂ 1992ರಲ್ಲಿ ವಿಜಯ್ ಮಲ್ಯರ ಕಂಪನಿಗೆ ಗುತ್ತಿಗೆಗೆ ಹೋಯಿತಷ್ಟೆ. ಅದೇ ಮಲ್ಯರ ಮನೆತನದ ಬಂಗಲೆ ಬೆಂಗಳೂರಿನಲ್ಲಿ ಇದ್ದ ಜಾಗದಲ್ಲಿ ಆಮೇಲೆ 34 ಮಹಡಿಯ ಕಿಂಗ್‌ಫಿಷರ್ ಟವರ್ಸ್ ಎದ್ದಿತು. ಅದರ ನೆತ್ತಿಯ ಮೇಲೆ, ಕಿರೀಟ ಇಟ್ಟಂತೆ, ಅಮೆರಿಕದ ಶ್ವೇತಭವನದ ಮಾದರಿಯ ಬಿಳಿ ಬಂಗಲೆ. 2016ರ ಮಾರ್ಚಿಯಲ್ಲಿ ಯಜಮಾನರು ದೇಶ ಬಿಟ್ಟರು. ಬಂಗಲೆ ಮಾತ್ರ ಮೇಲೆಯೇ ಉಳಿಯಿತು.

ಇವೆಲ್ಲ ಎತ್ತರವೇನೋ ಹೌದು, ಆದರೆ ಮೈಕೈ ತುಂಬಿಕೊಂಡ ಕಟ್ಟಡಗಳು. ನಿಜವಾದ ಕಡ್ಡಿಪೈಲ್ವಾನರು ಇರುವುದು ನ್ಯೂಯಾರ್ಕಿನಲ್ಲಿ. ಅಲ್ಲಿನ ಸ್ಟೈನ್‌ವೇ ಟವರ್ 435 ಮೀಟರ್ ಎತ್ತರ, ಅಗಲ ಅದರ 24ರಲ್ಲಿ ಒಂದು ಪಾಲು. ಲೆಕ್ಕ ಬೇಕೆ? ಅರ್ಧ ಅಂಗುಲ ದಪ್ಪದ, ಒಂದಡಿ ಉದ್ದದ ಕಡ್ಡಿಯನ್ನು ಗಲ್ಲಾಪೆಟ್ಟಿಗೆ ಮೇಲೆ ನೆಟ್ಟಗೆ ನಿಲ್ಲಿಸಿ, ಫ್ಯಾನ್ ಹಾಕಿ. ಗಾಳಿ ಬಂದರೆ ಅಡಿಕೆ ಮರ ತೂಗುವ ಹಾಗೆ ಇಂಥ ಕಟ್ಟಡವೂ ತೂಗುತ್ತೆ. ಬೀಳುವುದಿಲ್ಲ, ಹಾಗೇ ಕಟ್ಟಿರುತ್ತಾರೆ. ಆದರೆ ಒಳಗಿದ್ದವರಿಗೆ ತಲೆ ಸುತ್ತಬಾರದಲ್ಲ? ಅದಕ್ಕೆ ತುದಿಯಲ್ಲಿ 800 ಟನ್ನಿನ ಭಾರ ಇಟ್ಟಿದ್ದಾರೆ. ಕಟ್ಟಡ ಎಡಕ್ಕೆ ವಾಲಿದರೆ ಭಾರ ಬಲಕ್ಕೆ ಎಳೆಯುತ್ತೆ. ಹತ್ತು ಟನ್ ಲೋಡಿನ ಎಂಬತ್ತು ಲಾರಿ ಸರಕನ್ನು ತಲೆ ಮೇಲೆ ಹೊತ್ತು ನಿಂತ ಮನೆ ಅನ್ನಿ.

ಅದರ ನೆರೆಯ 432 ಪಾರ್ಕ್ ಅವೆನ್ಯೂ ಎಂಬ ಕಟ್ಟಡ 426 ಮೀಟರ್. ಗಾಳಿ ಹಾದುಹೋಗಲಿ ಅಂತ ಪ್ರತಿ 12 ಮಹಡಿಗೊಮ್ಮೆ ಬಯಲು ಬಿಟ್ಟಿದ್ದಾರೆ. ಕೋಟಿ ಕೋಟಿ ಸುರಿದು ಕೊಂಡವರೇ 2021ರಲ್ಲಿ ಕಟ್ಟಿದವರ ಮೇಲೆ 12.5 ಕೋಟಿ ಡಾಲರಿನ ದಾವೆ ಹೂಡಿದರು. ನೀರು ಸೋರುತ್ತೆ, ಗಾಳಿಗೆ ಗೋಡೆ ಕಿರುಗುಟ್ಟುತ್ತೆ, ಲಿಫ್ಟು ನಿಲ್ಲುತ್ತೆ ಅಂತ. ಕಟ್ಟಿದವರು ಒಪ್ಪಲಿಲ್ಲ, ಅದು ಬೇರೆ ಮಾತು. ನಮ್ಮ ವಠಾರದ ಬಾಡಿಗೆದಾರರ ದೂರೂ ಇದೇ ತಾನೆ? ಲಿಫ್ಟೊಂದನ್ನು ಬಿಟ್ಟು.

ಆ ಲಿಫ್ಟೇ ಅಲ್ಲಿನ ಊರಬಾಗಿಲು. ಕುಣಿಗಲ್ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಈಗ ಮಗನ ಫ್ಲಾಟಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಮಹಡಿಗೆ 20 ಮೆಟ್ಟಿಲು ಹಿಡಿದರೂ 20ನೇ ಮಹಡಿಗೆ 400 ಮೆಟ್ಟಿಲು. ಮಂಡಿ ನೋವಿನವರು ಲಿಫ್ಟು ಕೆಟ್ಟ ದಿನ ಇಳಿಯುವಂತಿಲ್ಲ, ಪೇಟೆಯಲ್ಲಿದ್ದರೆ ಹತ್ತುವಂತಿಲ್ಲ. ನೀರೂ ಪಂಪಿನ ಕೃಪೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್ ಬತ್ತಿದಾಗ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಟ್ಯಾಂಕರಿಗೆ ಕಾದರು.

ಇದಕ್ಕಿಂತ ದೊಡ್ಡ ಭಯ ಬೆಂಕಿಯದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ಹೊಗೆ ತುಂಬಿ 9 ಜನ ಸತ್ತರು. ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಅದು ಬರೀ ಏಳು ಮಹಡಿಯ ಕಟ್ಟಡ! ರಾಜ್ಯದ ಅಗ್ನಿಶಾಮಕ ದಳಕ್ಕೆ 2023ರಲ್ಲಿ 90 ಮೀಟರಿನ ಏಣಿ ಬಂತು. ಸಂತೋಷ. ಆದರೆ 160 ಮೀಟರಿನ ತುದಿಯಲ್ಲಿ ಇರುವವರಿಗೆ? ಅವರಿಗೆ ಆ ಏಣಿ ಎಟುಕುವುದಿಲ್ಲ. ಬೆಂಕಿ ಬಿದ್ದಾಗ ಲಿಫ್ಟು ಹತ್ತಬಾರದು. ಉಳಿದದ್ದು ಕಟ್ಟಡದ್ದೇ ಮೆಟ್ಟಿಲು, ಕಟ್ಟಡದ್ದೇ ನೀರಿನ ಪೈಪು, ನಡುವೆ ಜನ ಬಂದು ನಿಲ್ಲಲೆಂದು ನಿಯಮದ ಪ್ರಕಾರ ಬಿಡಬೇಕಾದ ಖಾಲಿ ಜಾಗ.

ಆದ್ದರಿಂದ ಮುಂದಿನ ಸಲ ಮಗನ ಮನೆಗೆ ಹೋದಾಗ, ಬಾಲ್ಕನಿಗೆ ಕರೆದೊಯ್ದು ಊರು ತೋರಿಸುವ ಮೊದಲೇ ಮೆಟ್ಟಿಲ ಕಡೆಯ ಬಾಗಿಲು ತೆಗೆದು ನೋಡಿ. ಹಳೇ ಸೈಕಲ್ಲು, ಹರಿದ ಹಾಸಿಗೆ ಪೇರಿಸಿದ್ದರೆ ಮಗನಿಗೆ ಹೇಳಿ ತೆಗೆಸಿ. ಬೀಗ ಬಿದ್ದಿದ್ದರೆ ಗೇಟಿನ ಗಾರ್ಡನ್ನು ಕೇಳಿ. ಹೆದರಬೇಡಿ, ಅವನೂ ಬೆಳಗಿನ ಬಸ್ಸಿನಲ್ಲಿ ಹೋದ ನಮ್ಮ ಕಡೆಯ ಹುಡುಗನೇ ಇದ್ದಾನು.