ಅಪರಾಧಕಥೆಯೂ ವೃತ್ತಾಂತಲೇಖನವೂ

ಅಪರಾಧವಿಷಯಕವಾದ ಕಥೆಯನ್ನು ಪತ್ರಿಕಾವೃತ್ತಾಂತವಾಗಿ ಮಾರ್ಪಡಿಸಿ ಬರೆಯಿಸುವ ಅಭ್ಯಾಸವು ವಿದ್ಯಾರ್ಥಿಗಳಿಗೆ ಹಿತಕರವಾದುದು. ಸಕಲೇಶಪುರ, ಆಲೂರುಗಳ ಮಲೆಸೀಮೆಯ ಉಪಾಧ್ಯಾಯರು ವೃತ್ತಾಂತಕ್ಕೆ ಮಾದರಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ರೈಸರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ಸಾಕು. ಅಲ್ಲಿಯ ವೀರಗಲ್ಲುಗಳು ಅರಸನನ್ನೂ ಊರನ್ನೂ ಕಾಳಗವನ್ನೂ ಮಡಿದವನನ್ನೂ ಕೆಲವೇ ಪಂಕ್ತಿಗಳಲ್ಲಿ ಹೇಳಿ ಮುಗಿಸುತ್ತವೆ.

ಕಥೆಯ ಕ್ರಮವು ಬೇರೆ. ವಡ್ಡಾರಾಧನೆಯ 19 ಕಥೆಗಳಲ್ಲೊಂದಾದ ವಿದ್ಯುಚ್ಚೋರನ ಕಥೆಯನ್ನು ಪರಿಶೀಲಿಸೋಣ. ಅರಸನ ಹಾರವು ಕಳುವಾಗುತ್ತದೆ. ತಳಾರನಾದ ಯಮದಂಡನು ಕುಷ್ಠರೋಗಿಯೊಬ್ಬನನ್ನು ಹಿಡಿದು ತರುತ್ತಾನೆ. ದಂಡನೆಗಳಿಗೆ ಬಾಯಿಬಿಡದ ಆತನು ಅರಸನು ಅಭಯವಿತ್ತ ಬಳಿಕ ತಾನೇ ಕಳ್ಳನೆಂದು ಒಪ್ಪುತ್ತಾನೆ. ಕಳ್ಳನೂ ತಳಾರನೂ ಬಾಲ್ಯಸಖರೆಂಬ ಮರ್ಮವು ಕಡೆಯಲ್ಲಿ ಬಯಲಾಗುತ್ತದೆ.

ವೃತ್ತಾಂತಕಾರನಾದರೋ ಕಳವು, ಸ್ಥಳ, ಹಿಡಿಯಲ್ಪಟ್ಟವನು ಇವನ್ನು ಮೊದಲಲ್ಲಿಯೇ ಹೇಳತಕ್ಕದ್ದು. ಆದರೆ ಒಪ್ಪಿಗೆಗೆ ಮುನ್ನ ಬರೆದ ವೃತ್ತಾಂತದಲ್ಲಿ ಆತನು 'ಆಪಾದಿತ'ನೇ ಹೊರತು 'ಕಳ್ಳ'ನಲ್ಲ. ಪಾತ್ರಗಳ ಅಂತರಂಗವು ಕಥೆಗಾರನಿಗೆ ಗೋಚರ. ವೃತ್ತಾಂತಕಾರನಿಗೆ ಪ್ರತ್ಯಕ್ಷವೂ ಆಪ್ತವಾಕ್ಯವೂ ಮಾತ್ರ ಆಧಾರ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆಪಾದಿತನಿಗೆ ವಿರುದ್ಧವಾದ ಸಾಕ್ಷ್ಯವಾಗಿ 1872ರ ಸಾಕ್ಷ್ಯಶಾಸನವು ಗ್ರಹಿಸಲಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ.

ಈ ಭೇದವು ಕೇವಲ ಶೈಲಿಗೆ ಸಂಬಂಧಪಟ್ಟುದಲ್ಲ. ವಿದ್ಯುಚ್ಚೋರನ ರೋಗವು ವೇಷವಾಗಿದ್ದಿತು. ನಿಜವಾದ ರೋಗಿಯೊಬ್ಬನು ಹಿಡಿಯಲ್ಪಟ್ಟಿದ್ದರೆ, ಅವಸರದ ಆ ಒಂದು ಪದವೇ ನಿರಪರಾಧಿಯ ಮಾನವನ್ನು ಕಳೆಯುತ್ತಿದ್ದಿತು. ತಾನು ಬಲ್ಲುದೆಷ್ಟು, ಊಹಿಸಿದುದೆಷ್ಟು ಎಂಬ ವಿವೇಕವನ್ನು ವಿದ್ಯಾರ್ಥಿಯು ಪಡೆದನಾದರೆ ಈ ಅಭ್ಯಾಸವು ಸಾರ್ಥಕವೆನ್ನಬಹುದು.