ಡಿಎನ್‌ಎ ಹಿಡಿಯುವ ಪ್ರೋಟೀನು ಆರ್‌ಎನ್‌ಎಯನ್ನೂ ಹಿಡಿಯುತ್ತದೆ

ತಪ್ಪು ಕಲ್ಪನೆ: ಜೀನುಗಳ ಕೆಲಸವನ್ನು ನಿಯಂತ್ರಿಸುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು ಡಿಎನ್‌ಎಗೆ ಮಾತ್ರ ಅಂಟುತ್ತವೆ. ಆರ್‌ಎನ್‌ಎ ಅವುಗಳ ದುಡಿಮೆಯ ಫಲ, ಅಷ್ಟೇ.

ಸತ್ಯ: ಇದು ಸುಳ್ಳೆಂದು 1980ರಲ್ಲೇ ಗೊತ್ತಾಗಿತ್ತು. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಬೆಳೆಯುತ್ತಿರುವ ಮೊಟ್ಟೆಕೋಶಕ್ಕೆ ಮುಂದೆ ಪ್ರೋಟೀನು ತಯಾರಿಸುವ ರೈಬೋಸೋಮುಗಳು ಅಪಾರ ಸಂಖ್ಯೆಯಲ್ಲಿ ಬೇಕು. ಅದಕ್ಕಾಗಿ ಅದು ರೈಬೋಸೋಮಿನ ಒಂದು ಪುಟ್ಟ ಭಾಗವಾದ 5ಎಸ್ ಆರ್‌ಎನ್‌ಎಯನ್ನು ಮೊದಲೇ ತಯಾರಿಸಿ ದಾಸ್ತಾನು ಮಾಡುತ್ತದೆ. ಈ ಆರ್‌ಎನ್‌ಎಯ ಉದ್ದ ಸುಮಾರು 120 ನ್ಯೂಕ್ಲಿಯೋಟೈಡ್. ಇದರ ಜೀನನ್ನು ಚಾಲೂ ಮಾಡುವ ಪ್ರೋಟೀನಿನ ಹೆಸರು ಟಿಎಫ್‌ತ್ರೀಎ. ದಾಸ್ತಾನಿನಲ್ಲಿ 5ಎಸ್ ಆರ್‌ಎನ್‌ಎಯನ್ನು ಅಪ್ಪಿಕೊಂಡು ಕಾಯುವ ಪ್ರೋಟೀನೂ ಇದೇ ಎಂದು ಹ್ಯೂ ಪೆಲ್ಹಾಮ್ ಮತ್ತು ಡೊನಾಲ್ಡ್ ಬ್ರೌನ್ ತೋರಿಸಿಕೊಟ್ಟರು. ಪ್ರಯೋಗದ ಮಿಶ್ರಣಕ್ಕೆ 5ಎಸ್ ಆರ್‌ಎನ್‌ಎಯನ್ನೇ ಹೆಚ್ಚಾಗಿ ಸೇರಿಸಿದರೆ ಜೀನಿನ ಕೆಲಸ ಕುಗ್ಗುತ್ತಿತ್ತು. ತಯಾರಾದ ಸರಕೇ ತನ್ನ ತಯಾರಕನನ್ನು ಕಟ್ಟಿಹಾಕುವ ಈ ಏರ್ಪಾಟು ಎಷ್ಟು ಅಚ್ಚುಕಟ್ಟು!

ತಪ್ಪು ಕಲ್ಪನೆ: ಆರ್‌ಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಪ್ರೋಟೀನಿಗೆ ಸುಮ್ಮನೆ ಮೆತ್ತಿಕೊಳ್ಳುತ್ತದೆ.

ಸತ್ಯ: ಸುಮ್ಮನೆ ಅಲ್ಲ. ಟಿಎಫ್‌ತ್ರೀಎಯಲ್ಲಿ ಒಂಬತ್ತು 'ಜಿಂಕ್ ಫಿಂಗರ್'ಗಳಿವೆ. ಸತುವಿನ ಒಂದೊಂದು ಅಯಾನನ್ನು ಹಿಡಿದುಕೊಂಡು ಮಡಿಚಿಕೊಂಡ ಚಿಕ್ಕ ಬೆರಳುಗಳಿವು. ಇವನ್ನು 1985ರಲ್ಲಿ ಆರನ್ ಕ್ಲುಗ್ ಅವರ ತಂಡ ಗುರುತಿಸಿತು. ಡಿಎನ್‌ಎ ಹಿಡಿತದ ಭಾರ ಹೆಚ್ಚಾಗಿ 1ರಿಂದ 3ನೇ ಬೆರಳುಗಳದು. ಆರ್‌ಎನ್‌ಎಯದು 4ರಿಂದ 6ನೆಯವುಗಳದು. 2003ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ: 4 ಮತ್ತು 6ನೇ ಬೆರಳುಗಳು ಆರ್‌ಎನ್‌ಎಯ ಕುಣಿಕೆಗಳಲ್ಲಿ ಹೊರಚಾಚಿದ ನಿರ್ದಿಷ್ಟ ಬೇಸ್‌ಗಳನ್ನೇ ಗುರುತಿಸುತ್ತವೆ, 5ನೆಯದು ಎರಡೆಳೆಯ ಭಾಗದ ಬೆನ್ನೆಲುಬಿಗೆ ಆತುಕೊಳ್ಳುತ್ತದೆ.

ತಪ್ಪು ಕಲ್ಪನೆ: ಇದು ಕಪ್ಪೆಯೊಂದರ ವಿಚಿತ್ರ.

ಸತ್ಯ: ಅಲ್ಲ. ಹಣ್ಣಿನ ನೊಣದ ಭ್ರೂಣದಲ್ಲಿ ತಲೆಯ ಭಾಗವನ್ನು ರೂಪಿಸುವ ಬೈಕಾಯ್ಡ್ ಪ್ರೋಟೀನು ಡಿಎನ್‌ಎ ಹಿಡಿಯುವ ತನ್ನ ಅದೇ ಭಾಗದಿಂದ ಕಾಡಲ್ ಎಂಬ ಜೀನಿನ ಸಂದೇಶವಾಹಕ ಆರ್‌ಎನ್‌ಎಯನ್ನೂ ಹಿಡಿದು, ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುತ್ತದೆ. 2023ರಲ್ಲಿ ಅಮೆರಿಕದ ರಿಚರ್ಡ್ ಯಂಗ್ ಅವರ ತಂಡ ಮನುಷ್ಯ ಜೀವಕೋಶಗಳಲ್ಲಿ ಹುಡುಕಿದಾಗ, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳ ಪೈಕಿ ಕನಿಷ್ಠ ಅರ್ಧದಷ್ಟು ಆರ್‌ಎನ್‌ಎಗೆ ಅಂಟುತ್ತಿದ್ದವು. ಅವುಗಳಲ್ಲಿ ಕಂಡದ್ದು ಅರ್ಜಿನಿನ್ ಎಂಬ ಅಮೈನೋ ಆಮ್ಲ ದಟ್ಟವಾಗಿರುವ ತುಣುಕು. ಎಚ್‌ಐವಿಯ ಟ್ಯಾಟ್ ಪ್ರೋಟೀನು ವೈರಸ್ಸಿನ ಆರ್‌ಎನ್‌ಎಯನ್ನು ಹಿಡಿಯುವುದೂ ಇಂಥದ್ದರಿಂದಲೇ.

ಇಲ್ಲೊಂದು ಎಚ್ಚರ ಬೇಕು. ಕಪ್ಪೆಯಲ್ಲಿ ಆರ್‌ಎನ್‌ಎ ಪ್ರೋಟೀನನ್ನು ಜೀನಿನಿಂದ ದೂರ ಸೆಳೆಯುತ್ತದೆ. ಯಂಗ್ ತಂಡ ಕಂಡ ಪ್ರೋಟೀನುಗಳಿಗಾದರೋ ಆರ್‌ಎನ್‌ಎ ಜೀನಿನ ಬಳಿ ನಿಲ್ಲಲು ನೆರವಾಗುತ್ತದೆ. ಹಾಗಾಗಿ ಆರ್‌ಎನ್‌ಎಗೆ ಅಂಟಿತು ಎಂದಷ್ಟೇ ಓದಿ ಜೀನ್ ನಿಂತಿತು ಅಥವಾ ಚುರುಕಾಯಿತು ಎಂದು ತೀರ್ಮಾನಿಸುವಂತಿಲ್ಲ.