ಮನೆಯ ನೀರಿನ ಜಮಾ-ಖರ್ಚು

2019ರ ಜುಲೈ 12ರಂದು ಜೋಲಾರ್‌ಪೇಟೆಯಿಂದ ಹೊರಟ ರೈಲೊಂದು ಚೆನ್ನೈಯ ವಿಲ್ಲಿವಾಕ್ಕಂ ತಲುಪಿತು. ಅದರಲ್ಲಿ ಪ್ರಯಾಣಿಕರಿರಲಿಲ್ಲ, 50 ವ್ಯಾಗನುಗಳಲ್ಲಿ ಸುಮಾರು 25 ಲಕ್ಷ ಲೀಟರು ಕಾವೇರಿ ನೀರಿತ್ತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿದ್ದ ವರ್ಷವದು. ನಗರವಾಸಿಗೆ ದಿನಕ್ಕೆ 135 ಲೀಟರು ಬೇಕೆಂಬ ಸರ್ಕಾರಿ ಮಾನದಂಡದಂತೆ ಲೆಕ್ಕ ಹಾಕಿದರೆ, ಆ ಇಡೀ ರೈಲಿನ ನೀರು ಸುಮಾರು 18,500 ಜನರ ಒಂದು ದಿನದ ಖರ್ಚಿಗೆ ಸಾಕು, ಅಷ್ಟೆ. ಇದೇ ನಗರ 2015ರ ಡಿಸೆಂಬರಿನಲ್ಲಿ ಪ್ರವಾಹದಲ್ಲಿ ಮುಳುಗಿತ್ತೆಂಬುದನ್ನು ನೆನೆದರೆ, ಕೊರತೆಯಿದ್ದುದು ಮಳೆಗೋ ಕೂಡಿಡುವ ಬುದ್ಧಿಗೋ ಎಂಬ ಸಂದೇಹ ಮೂಡದಿರದು.

ಬಾವಿಯಿಂದ ಸೇದಿ ಹಂಡೆ ತುಂಬಿದ ಕೈಗಳಿಗೆ ನೀರಿನ ತೂಕ ಗೊತ್ತಿತ್ತು. ಊರ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೂ ಕೆಸುವಿಗೂ ಹರಿಯುತ್ತಿತ್ತು. ನಲ್ಲಿ ತಿರುಗಿಸಿದೊಡನೆ ನೀರು ಬರುವ ಫ್ಲ್ಯಾಟಿನಲ್ಲಿ ಆ ತೂಕ ಮರೆತುಹೋಗುವುದು ಸಹಜ. ಆದ್ದರಿಂದ ಗೃಹಸ್ಥರು ಮೊದಲು ಮಾಡಬೇಕಾದುದು ಅಳತೆ. ಹದಿನೈದು ಲೀಟರಿನ ಬಕೆಟು ಎರಡು ನಿಮಿಷದಲ್ಲಿ ತುಂಬುವ ನಲ್ಲಿಯನ್ನು ಹಲ್ಲುಜ್ಜುವ ಮೂರು ನಿಮಿಷ ತೆರೆದಿಟ್ಟರೆ ಇಪ್ಪತ್ತೆರಡೂವರೆ ಲೀಟರು ವ್ಯರ್ಥ. ಒಂದು ತಂಬಿಗೆ ನೀರಿನಲ್ಲಿ ಮುಗಿಯುವ ಕೆಲಸವದು! ಸೋರುವ ನಲ್ಲಿಯ ಕೆಳಗೆ ರಾತ್ರಿ ಪಾತ್ರೆಯಿಟ್ಟು ಬೆಳಗ್ಗೆ ನೋಡಿದರೆ, ವಾಷರು ಬದಲಿಸುವ ಕೆಲಸ ನಾಳೆಗೆ ಉಳಿಯದು.

ಮನೆಯ ನೀರು ಶುದ್ಧೀಕರಣ ಯಂತ್ರದ ಲೆಕ್ಕ ಇನ್ನೂ ವಿಚಿತ್ರ. ಆರ್‌ಓ ಯಂತ್ರ ಒಂದು ಲೀಟರು ಕುಡಿಯುವ ನೀರು ಕೊಡುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಮೂರು ಲೀಟರು ಹೊರಚೆಲ್ಲುತ್ತದೆ. ಅದರಲ್ಲಿ ಲವಣಾಂಶ ಹೆಚ್ಚಿರುವುದರಿಂದ ಗಿಡಗಳಿಗಿಂತ ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಮೇಲು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರಾದರೋ ತುಳಸಿಗೂ ಕರಿಬೇವಿಗೂ ಹಿತವೇ.

ದೊಡ್ಡ ಜಮಾ ಇರುವುದು ತಾರಸಿಯ ಮೇಲೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಚೆನ್ನೈಯಲ್ಲಿ ವರ್ಷಕ್ಕೆ ಸರಾಸರಿ 1,400 ಮಿಲಿಮೀಟರಿನಷ್ಟು ಮಳೆಯಾಗುವುದರಿಂದ, 100 ಚದರ ಮೀಟರಿನ ತಾರಸಿಯಲ್ಲಿ ಐದನೆಯ ಒಂದು ಪಾಲು ನಷ್ಟವೆಂದು ಕಳೆದರೂ 1,12,000 ಲೀಟರು ಉಳಿಯುತ್ತದೆ. ನಾಲ್ವರ ಸಂಸಾರಕ್ಕೆ ಇದು ಇನ್ನೂರು ದಿನಗಳಿಗೂ ಮೀರಿದ ಖರ್ಚು. ತಮಿಳುನಾಡು 2003ರಲ್ಲೇ ಮಳೆನೀರು ಸಂಗ್ರಹವನ್ನು ಎಲ್ಲ ಕಟ್ಟಡಗಳಿಗೂ ಕಡ್ಡಾಯ ಮಾಡಿತು. ಆದರೆ ಕಸ ತುಂಬಿದ ಕೊಳವೆಯೂ ಹೂಳು ತುಂಬಿದ ಇಂಗುಗುಂಡಿಯೂ ಕಾನೂನಿಗೆ ಮಾತ್ರ ಉತ್ತರ ಕೊಡುತ್ತವೆ, ಬೇಸಗೆಗಲ್ಲ. ಸೊಸೈಟಿಯ ಸಭೆಯಲ್ಲಿ ಬಣ್ಣದ ಖರ್ಚಿಗೆ ಮುನ್ನ ಈ ವಿಷಯ ಬರಬೇಕು. ಮಳೆಗಾಲಕ್ಕೆ ಮೊದಲು ತಾರಸಿ ಗುಡಿಸಬೇಕು. ಮೊದಲ ಮಳೆಯ ಕೊಳೆನೀರನ್ನು ಹೊರಬಿಡಬೇಕು.

ಉಳಿತಾಯ ಸಲ್ಲದ ಸ್ಥಳವೂ ಒಂದಿದೆ. ಶೌಚದ ನಂತರ, ಅಡುಗೆಗೆ ಮುನ್ನ ಸಾಬೂನಿನಿಂದ ಕೈ ತೊಳೆಯುವ ನೀರನ್ನು ಕಡಿತ ಮಾಡಿದರೆ ಆ ಹಣ ವೈದ್ಯರಿಗೆ ಸಂದಾಯವಾದೀತು. ಹಾಗೆಯೇ, ನೀರು ಬಾರದ ದಿನಗಳಿಗೆಂದು ಡ್ರಮ್ಮು ಬಕೆಟುಗಳಲ್ಲಿ ತುಂಬಿಡುವ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ತವರುಮನೆ. ಮುಚ್ಚಳ ಭದ್ರವಾಗಿರಬೇಕು. ವಾರಕ್ಕೊಮ್ಮೆ ಪಾತ್ರೆಯನ್ನು ಬರಿದು ಮಾಡಿದರಷ್ಟೇ ಸಾಲದು. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವಾದ್ದರಿಂದ ನಾರಿನಿಂದ ಚೆನ್ನಾಗಿ ಉಜ್ಜಬೇಕು. ದೇವರ ಪಾತ್ರೆ ಬೆಳಗುವ ದಿನವೇ ಇದಕ್ಕೂ ಗೊತ್ತಾಗಿದ್ದರೆ ಮರೆಯುವ ಭಯವಿಲ್ಲ.